ನಾಲ್ಕು ಚೌಕ, ನಾಲ್ಕು ಕೈ

ಹಳ್ಳಿಯ ಮಕ್ಕಳು ಏಳನೇ ತರಗತಿಯನ್ನು ತಮ್ಮೂರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಗಿಸಿ ಎಂಟಕ್ಕೆ ಬೇರೊಂದು ಊರಿನ ಪ್ರೌಢಶಾಲೆಗೆ ಬರುತ್ತಾರೆ. ಜಗಳೂರು ತಾಲ್ಲೂಕಿನಲ್ಲಿ ನಾನು ಕನ್ನಡ ಕಲಿಸುವ ಶಾಲೆಗೂ ಪ್ರತಿ ಜೂನ್‌ನಲ್ಲಿ ಏಳೆಂಟು ಊರು, ಹಟ್ಟಿ, ತಾಂಡಾಗಳಿಂದ ಮಕ್ಕಳು ಬಂದು ಸೇರುತ್ತಾರೆ. ಕೂರುವುದು ಮಾತ್ರ ಒಂದೂರಿನವರು ಒಂದು ಬೆಂಚು. ಬಿಸಿಯೂಟದ ತಟ್ಟೆ ಹಿಡಿದು ಹೋಗುವ ಮರದ ನೆರಳೂ ಬೇರೆ ಬೇರೆ. ಸೇತುಬಂಧದ ದಿನಗಳಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಈ ತರಗತಿಯ ಪಾಠಕ್ಕೆ ಜೋಡಿಸುತ್ತೇವೆ. ಮಕ್ಕಳನ್ನು ಮಕ್ಕಳಿಗೆ ಜೋಡಿಸಲು ವೇಳಾಪಟ್ಟಿಯಲ್ಲಿ ಅವಧಿ ಇಲ್ಲ. ಆ ಕೆಲಸಕ್ಕೆ ನಾನು ಕಾಮಿಕ್ಸ್ ಬಳಸಲು ತೊಡಗಿ ಆರು ವರ್ಷವಾಯಿತು.

ಮೊದಲ ವರ್ಷ ತಪ್ಪು ಮಾಡಿದೆ. ‘ಸ್ನೇಹ’ ಎಂಬ ವಿಷಯ ಕೊಟ್ಟು, ಗುಂಪು ಮಾಡಿ, ಚಾರ್ಟ್ ಹಂಚಿದೆ. ಪ್ರತಿ ಗುಂಪಿನಲ್ಲೂ ಪ್ರತಿಭಾ ಕಾರಂಜಿಯಲ್ಲಿ ಚಿತ್ರಕ್ಕೆ ಬಹುಮಾನ ಗೆದ್ದ ಒಬ್ಬರು ಚಾರ್ಟಿನ ಮೇಲೆ ಬಗ್ಗಿದರು, ಉಳಿದವರು ಸ್ಕೇಲು, ಸ್ಕೆಚ್ ಪೆನ್ನು ಎತ್ತಿಕೊಡುತ್ತ ಕುಳಿತರು. ಕೈಕೈ ಹಿಡಿದ ಇಬ್ಬರು ಮಕ್ಕಳು, ಮೇಲೊಂದು ಸೂರ್ಯ, ಕೆಳಗೊಂದು ಘೋಷಣೆ. ಇಷ್ಟನ್ನು ಮಾಡಲು ಯಾರೂ ಯಾರ ಮುಖವನ್ನೂ ನೋಡಬೇಕಿರಲಿಲ್ಲ.

ದೆಹಲಿಯ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಸಂಸ್ಥೆಯ ಶರದ್ ಶರ್ಮಾ ಅವರು ಜನಸಾಮಾನ್ಯರಿಗೆ ಕಲಿಸುತ್ತ ಬಂದಿರುವ ಗೋಡೆ ಕಾಮಿಕ್ಸ್ ನನಗೆ ದಾರಿಯಾಯಿತು. ಎರಡು ಎ4 ಹಾಳೆಗಳನ್ನು ಜೋಡಿಸಿ ನಾಲ್ಕು ಚೌಕ, ಒಂದು ಕಪ್ಪು ಪೆನ್ನು, ಒಂದು ಕಥೆ. ಮುಗಿದ ಮೇಲೆ ಜೆರಾಕ್ಸ್ ಮಾಡಿಸಿ ಊರಿನ ಗೋಡೆಗೆ ಅಂಟಿಸುವುದು. ಚಿತ್ರ ಕಲಿಯದವರೂ ತಮ್ಮ ಕಥೆಯನ್ನು ಬರೆಯಬಲ್ಲರು ಎಂಬ ನಂಬಿಕೆ ಅದರ ತಳಹದಿ. ಅದಕ್ಕೆ ನಾನು ಸೇರಿಸಿದ್ದು ಒಂದೇ ಮಾತು. ಒಬ್ಬರಿಗೆ ಒಂದೇ ಚೌಕ, ಬರೆದು ಮುಂದಿನವರಿಗೆ ದಾಟಿಸಬೇಕು, ನಾಲ್ವರೂ ನಾಲ್ಕು ಊರಿನವರಾಗಿರಬೇಕು. ಚೌಕಕ್ಕೆ ಎಂಟು ನಿಮಿಷ ಕೊಟ್ಟರೆ 40 ನಿಮಿಷದ ಅವಧಿಯಲ್ಲಿ ಓದಿ ಹೇಳುವುದಕ್ಕೂ ಸಮಯ ಉಳಿಯುತ್ತದೆ.

ಆರಂಭಕ್ಕೆ ಎಲ್ಲರಿಗೂ ಗೊತ್ತಿರುವ ಕಥೆ ಬೇಕು. ನಮ್ಮ ತಾಲ್ಲೂಕು ಸೇರಿರುವ ದಾವಣಗೆರೆ 1997ರಲ್ಲಿ ಚಿತ್ರದುರ್ಗದಿಂದ ಬೇರೆ ಜಿಲ್ಲೆಯಾದರೂ ನಮ್ಮ ಮಕ್ಕಳಿಗೆ ದುರ್ಗದ ಕೋಟೆ ಈಗಲೂ ತಮ್ಮದೇ. ಹಾಗಾಗಿ ಓಬವ್ವನಿಂದ ತೊಡಗುತ್ತೇನೆ. ಎಲ್ಲರಿಗೂ ಒನಕೆಯ ಚೌಕವೇ ಬೇಕು. ಗಂಡ ಊಟಕ್ಕೆ ಕುಳಿತದ್ದು, ಅವಳು ಕೊಡ ಹಿಡಿದು ನೀರಿಗೆ ಹೊರಟದ್ದು ಯಾರಿಗೂ ಬೇಡ. ಆದರೆ ಆ ಕೊಡ ಇಲ್ಲದೆ ಕಿಂಡಿಯ ಬಳಿ ಅವಳು ಏಕಿದ್ದಳು ಎಂಬುದು ತಿಳಿಯುವುದಿಲ್ಲ. ತನ್ನ ಚೌಕಕ್ಕೆ ಹಿಂದಿನವರ ಚೌಕ ಬೇಕೇಬೇಕು ಎಂಬುದು ಮಕ್ಕಳಿಗೆ ಇಲ್ಲಿ ಕಣ್ಣಿಗೆ ಕಾಣುತ್ತದೆ. ಎತ್ತಿದ ಒನಕೆ ಒಂದು ಚೌಕದಲ್ಲಿ, ಬಿದ್ದ ಸೈನಿಕ ಮುಂದಿನದರಲ್ಲಿ. ಏಟು ಬೀಳುವುದು ನಡುವಿನ ಬಿಳಿ ಪಟ್ಟಿಯಲ್ಲಿ, ಓದುವವರ ಮನಸ್ಸಿನಲ್ಲಿ. ಆ ಪಟ್ಟಿಯನ್ನು ದಾಟಬೇಕಾದರೆ ಹಿಂದಿನವರು ಏನು ನೆನೆದು ಬರೆದರು ಎಂದು ಯೋಚಿಸಲೇಬೇಕು. ಕಾಮಿಕ್ಸಿನಲ್ಲಿ ನನಗೆ ಬೇಕಾದ ಗುಣ ಇದೇ.

ಚಿತ್ರಕ್ಕೆ ಕಡ್ಡಿ ಗೊಂಬೆ ಸಾಕು. ಹುಬ್ಬಿನ ಎರಡು ಗೆರೆಗಳನ್ನು ಮೂಗಿನ ಕಡೆಗೆ ಇಳಿಸಿದರೆ ಸಿಟ್ಟು, ಹಣೆಯ ಕಡೆಗೆ ಎತ್ತಿದರೆ ಭಯ. ಇಷ್ಟನ್ನು ಬೋರ್ಡಿನ ಮೇಲೆ ತೋರಿಸುತ್ತೇನೆ. ಅಂಕ ಹಾಕುವುದಿಲ್ಲ. ಹಾಕಿದ ದಿನ ಚೆನ್ನಾಗಿ ಬರೆಯುವವರ ಕೈಗೆ ಹಾಳೆ ಮತ್ತೆ ಹೋಗುತ್ತದೆ.

ಎಚ್ಚರಿಕೆಯ ಮಾತೊಂದಿದೆ, ಅದನ್ನು ಒತ್ತಿ ಹೇಳಬೇಕು. ಚಿತ್ರ ನೋಯಿಸಬಲ್ಲದು. ಒಮ್ಮೆ ಒಬ್ಬ ಹುಡುಗನ ಅಡ್ಡಹೆಸರು ಬರೆದು, ಮುಖವನ್ನು ಪೂರ್ತಿ ಮಸಿಯಿಂದ ತುಂಬಿದ್ದ ಹಾಳೆ ನನ್ನ ಕಣ್ಣು ತಪ್ಪಿಸಿ ತರಗತಿಯನ್ನೆಲ್ಲ ಸುತ್ತಿತು. ಅವನು ಎರಡು ದಿನ ಶಾಲೆಗೆ ಬರಲಿಲ್ಲ, ಮನೆಗೆ ಹೋಗಿ ಕರೆತಂದೆ. ಅಂದಿನಿಂದ ತರಗತಿಯಲ್ಲಿರುವ ಬೇರೊಬ್ಬರನ್ನು ಯಾರೂ ಬರೆಯುವಂತಿಲ್ಲ, ತನ್ನನ್ನು ಬೇಕಾದರೆ ಬರೆದುಕೊಳ್ಳಬಹುದು. ನಾಲ್ವರೂ ಒಪ್ಪದೆ ಯಾವ ಹಾಳೆಯೂ ಗೋಡೆಗೆ ಏರುವುದಿಲ್ಲ.

ಮಾತಿನ ಗುಳ್ಳೆಯೊಳಗೆ ಮನೆಯ ಮಾತನ್ನು ಬರೆಯಲು ಬಿಟ್ಟಿದ್ದೇನೆ. ಉರ್ದುವಾಗಲಿ, ತೆಲುಗಾಗಲಿ, ಲಂಬಾಣಿಯಾಗಲಿ, ಕನ್ನಡ ಅಕ್ಷರದಲ್ಲಿ ಬರೆದರಾಯಿತು. ಕನ್ನಡದ ಮೇಷ್ಟ್ರು ಹೀಗೆ ಮಾಡಬಹುದೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ಅವರಿಗೆ ನಾನು ಈ ಹಾಳೆಯನ್ನು ತೋರಿಸಿದೆ.

ಅದು ಮೆಕ್ಕೆಜೋಳದ ಕಟಾವು ಮುಗಿದು ತಾಂಡಾದ ಹಿರಿಯರು ಕಾಫಿ ತೋಟಗಳ ಕೂಲಿಗೆ ಹೊರಡುವ ಕಾಲ. ‘ಈ ವಾರ ಬಸ್ ನಿಲ್ದಾಣದಲ್ಲಿ ಕಂಡದ್ದು’ ಎಂದು ಬೋರ್ಡಿನ ಮೇಲೆ ಬರೆದಿದ್ದೆ. ಒಂದು ಗುಂಪಿನ ಮೊದಲ ಚೌಕದಲ್ಲಿ ಬೇವಿನ ಮರ, ಕಲ್ಲುಬೆಂಚು. ಎರಡನೆಯದರಲ್ಲಿ ಬಂದು ನಿಂತ ಬಸ್. ಮೂರನೆಯದು ಜೂನ್‌ನಿಂದ ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆಯದಿದ್ದ ತಾಂಡಾದ ಹುಡುಗಿಯದು. ಬಸ್ಸಿನ ಮೆಟ್ಟಿಲ ಮೇಲೆ ಗಂಟು ಹಿಡಿದ ಹೆಂಗಸು, ಕೆಳಗೆ ಪುಟ್ಟ ಗೊಂಬೆ, ಹಣೆಗೆ ಏರಿದ ಹುಬ್ಬು, ಗುಳ್ಳೆಯಲ್ಲಿ ಒಂದೇ ಪದ: ‘ಯಾಡಿ’.

ನಾಲ್ಕನೆಯ ಚೌಕದ ಹುಡುಗ ಅದನ್ನು ಊರಿನ ಹೆಸರು ಎಂದುಕೊಂಡಿದ್ದ. ಬರೆಯಲು ಹೊರಟು ನಿಂತ. ಎದ್ದು ಅವಳ ಬೆಂಚಿಗೆ ಹೋದ.

“ಯಾಡಿ ಎಂದರೆ ಏನು?”

“ಅಮ್ಮ.”

“ಎಲ್ಲಿಗೆ ಹೋಗುತ್ತಿದ್ದಾರೆ?”

“ಚಿಕ್ಕಮಗಳೂರಿಗೆ. ತೋಟಕ್ಕೆ.”

“ಯಾವಾಗ ಬರುತ್ತಾರೆ?”

“ಹೋಳಿ ಹಬ್ಬಕ್ಕೆ.”

ಅವನು ತನ್ನ ಜಾಗಕ್ಕೆ ಮರಳಲಿಲ್ಲ, ಅಲ್ಲೇ ಕುಳಿತು ಬರೆದ. ಅದೇ ಬೇವಿನ ಮರ, ಅದೇ ಬಸ್, ಈಗ ಎದುರು ದಿಕ್ಕಿನಿಂದ ಬರುತ್ತಿತ್ತು. ಊರಿನ ಹೆಸರು ಇರಬೇಕಾದ ಬೋರ್ಡಿನಲ್ಲಿ ‘ಹೋಳಿ’ ಎಂದು ಬರೆದ. ಆಮೇಲೆ ಮುಂದಿನ ಬೆಂಚಿನವರಿಂದ ಕೆಂಪು ಸ್ಕೆಚ್ ಪೆನ್ನು ಕೇಳಿ ತಂದು ಅವಳ ಕೈಗೆ ಕೊಟ್ಟ. ಪುಟ್ಟ ಗೊಂಬೆಯ ಕೆನ್ನೆಗೆ ಅವಳೇ ಬಣ್ಣ ಹಚ್ಚಿದಳು.

ಗೋಡೆಗೆ ಹಾಕಲೇ ಎಂದು ಕೇಳಿದೆ. ಮೂವರು ಹೂಂ ಎಂದರು. ಅವಳು, “ಬೇಡ ಸರ್, ನಾಲ್ಕು ಜೆರಾಕ್ಸ್ ಮಾಡಿಸಿ” ಎಂದಳು.