ಗುರುತು ಹಾಕಿದ ಇಂಗಾಲ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮಣ್ಣಿನಿಂದ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಅಳೆಯುವುದು ಕಷ್ಟವಲ್ಲ. ಅದರಲ್ಲಿ ಬೇರು ಉಸಿರಾಡಿ ಬಿಟ್ಟದ್ದೆಷ್ಟು, ಮಣ್ಣಿನ ಹಳೆಯ ಸಾವಯವ ಅಂಶ ಕೊಳೆತು ಬಂದದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಎರಡೂ ಒಂದೇ ಅನಿಲ ಅಲ್ವಾ? ಅದಕ್ಕೇ ಗಿಡಕ್ಕೆ ಗುರುತು ಹಾಕಿದ ಇಂಗಾಲ ಕೊಡುತ್ತೇವೆ.

ಆ ಗುರುತು ಎಂದರೆ ಇಂಗಾಲ-13, ಅಂದರೆ ಇಂಗಾಲದ್ದೇ ತುಸು ಭಾರದ ರೂಪ (ಐಸೋಟೋಪ್). ನಿಸರ್ಗದ ಇಂಗಾಲದಲ್ಲಿ ಅದರ ಪಾಲು ಸುಮಾರು ಶೇ 1.1. ಉಳಿದದ್ದು ಹೆಚ್ಚುಕಡಿಮೆ ಎಲ್ಲಾ ಇಂಗಾಲ-12. ಇಂಗಾಲ-13ರಲ್ಲಿ ಒಂದು ನ್ಯೂಟ್ರಾನ್ ಜಾಸ್ತಿ, ಅಷ್ಟೇ. ಅದು ವಿಕಿರಣ ಸೂಸುವುದಿಲ್ಲ, ಹಾಗಾಗಿ ಬಯಲಿನಲ್ಲೂ ಭಯವಿಲ್ಲದೆ ಬಳಸಬಹುದು. ಗಿಡದ ಮೇಲೆ ಪಾರದರ್ಶಕ ಗೂಡು ಮುಚ್ಚಿ, ಬಿಸಿಲಿರುವಾಗ ಇಂಗಾಲ-13 ಹೆಚ್ಚಿರುವ ಅನಿಲ ಬಿಡುತ್ತೇವೆ. ಆಮೇಲೆ ಎಲೆ, ಬೇರು, ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಸುಟ್ಟು, ಬಂದ ಅನಿಲವನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ, ಅಂದರೆ ಕಣಗಳನ್ನು ಅವುಗಳ ಭಾರದ ಮೇಲೆ ಬೇರ್ಪಡಿಸುವ ಯಂತ್ರದಲ್ಲಿ, ನೋಡುತ್ತೇವೆ. ಗುರುತು ಹಾಕದ ಮಾದರಿಗಳನ್ನೇ ಮೊದಲು ಪುಡಿ ಮಾಡಬೇಕು. ಗಿರಣಿಯಲ್ಲಿ ಉಳಿದ ಚೂರು ಧೂಳೂ ಫಲಿತಾಂಶ ಕೆಡಿಸುತ್ತದೆ.

ನನ್ನ ಪ್ರಕಾರ ಇಡೀ ಪ್ರಯೋಗದ ಹಣೆಬರಹ ನಿರ್ಧಾರವಾಗುವುದು ಅನಿಲವನ್ನು ಎಷ್ಟು ಹೊತ್ತು ಕೊಡುತ್ತೇವೆ ಎಂಬುದರಲ್ಲಿ. ಒಂದೆರಡು ಗಂಟೆ ಕೊಟ್ಟು ನಿಲ್ಲಿಸಿದರೆ, ಆ ಹೊತ್ತಿನಲ್ಲಿ ಎಲೆ ತಯಾರಿಸಿದ ಸಕ್ಕರೆಗೆ ಮಾತ್ರ ಗುರುತು ಬೀಳುತ್ತದೆ. ಅದು ಎಷ್ಟು ಬೇಗ ಬೇರಿಗಿಳಿಯಿತು, ಯಾವ ಸೂಕ್ಷ್ಮಜೀವಿಗಳು ತಿಂದವು ಎಂದು ತಿಳಿಯಲು ಈ ವಿಧಾನ ಬಹಳ ಒಳ್ಳೆಯದು. ಆದರೆ ಆ ಒಂದು ದಿನದ ಲೆಕ್ಕವನ್ನು ಇಡೀ ಹಂಗಾಮಿಗೆ ಸುಮ್ನೆ ಗುಣಿಸುವವರಿದ್ದಾರೆ. ಅದು ತಪ್ಪು. ಎಳೆಯ ಗಿಡ ಬೇರಿಗೆ ಕಳಿಸುವ ಪಾಲೇ ಬೇರೆ, ಕಾಳು ಕಟ್ಟುವಾಗ ಕಳಿಸುವ ಪಾಲೇ ಬೇರೆ. ಕೊಯ್ಲಾದ ಮೇಲೆ ಬೇರು ಹೇಗೆ ಕೊಳೆಯುತ್ತದೆ ಎಂಬುದು ಪ್ರಶ್ನೆಯಾಗಿದ್ದರೆ ಮೊಳಕೆಯಿಂದ ಕೊನೆವರೆಗೂ ಕೊಡುತ್ತಲೇ ಇರಬೇಕು. ಆಗ ಮಾತ್ರ ಗಿಡದ ಎಲ್ಲಾ ಭಾಗಕ್ಕೂ ಒಂದೇ ಸಮನಾಗಿ ಗುರುತು ಬೀಳುತ್ತದೆ. ಖರ್ಚು ಜಾಸ್ತಿ, ನಿಜ.

ಇನ್ನೊಂದು ಎಚ್ಚರಿಕೆ. ಗೂಡಿನೊಳಗಿನ ಅನಿಲ ಗಿಡವನ್ನು ಮುಟ್ಟದೆ ನೇರವಾಗಿ ಮಣ್ಣಿನ ರಂಧ್ರಗಳಿಗೂ ಇಳಿಯುತ್ತದೆ, ಆಮೇಲೆ ಮೆಲ್ಲಗೆ ಹೊರಬರುತ್ತದೆ. ಅದನ್ನೇ ಬೇರಿನ ಉಸಿರು ಎಂದುಕೊಂಡರೆ ಲೆಕ್ಕ ತಲೆಕೆಳಗು. ಗಿಡವಿಲ್ಲದ ಮಣ್ಣಿನ ಕುಂಡವೊಂದನ್ನೂ ಜೊತೆಗಿಟ್ಟು ಹೋಲಿಸಲೇಬೇಕು.

ಕೆನಡಾದ ಕಾಡಿನಲ್ಲಿ ಅರಣ್ಯ ವಿಜ್ಞಾನಿ ಸುಜಾನ್ ಸಿಮಾರ್ಡ್ ಮತ್ತು ಸಂಗಡಿಗರು ಬರ್ಚ್ ಮತ್ತು ಡಗ್ಲಸ್ ಫರ್ ಮರಗಳ ಸಸಿಗಳಿಗೆ ಇಂಗಾಲ-13 ಮತ್ತು ವಿಕಿರಣ ಸೂಸುವ ಇಂಗಾಲ-14 ಎರಡನ್ನೂ ಬಳಸಿದರು. ಒಂದು ಜಾತಿಗೆ ಒಂದು ಗುರುತು, ಇನ್ನೊಂದಕ್ಕೆ ಇನ್ನೊಂದು. ಹಾಗಾಗಿ ಇಂಗಾಲ ಒಂದು ಜಾತಿಯ ಸಸಿಯಿಂದ ಇನ್ನೊಂದಕ್ಕೆ, ಎರಡೂ ದಿಕ್ಕಿಗೆ ಹೋಗುವುದು ಕಾಣಿಸಿತು. 1997ರಲ್ಲಿ ಪ್ರಕಟವಾದ ಕೆಲಸವಿದು. ಆದರೆ ಗುರುತು ಪಕ್ಕದ ಸಸಿಗೆ ತಲುಪಿದೆ ಎಂದಷ್ಟೇ ಐಸೋಟೋಪ್ ಹೇಳುತ್ತದೆ. ಎರಡು ಸಸಿಗಳ ಬೇರುಗಳನ್ನು ಜೋಡಿಸುವ ಶಿಲೀಂಧ್ರದ ಎಳೆಯ ಮೂಲಕ ಬಂತೋ, ಮಣ್ಣಿನ ಮೂಲಕವೋ ಎಂದು ಅದು ಹೇಳುವುದಿಲ್ಲ. ಅದಕ್ಕಾಗಿ ಅವರು ಬೇರೆ ಬಗೆಯ ಶಿಲೀಂಧ್ರದೊಂದಿಗೆ ಬದುಕುವ, ಹಾಗಾಗಿ ಆ ಎಳೆಗಳ ಜೋಡಣೆಗೆ ಸೇರದ ಸೀಡರ್ ಮರದ ಸಸಿಗಳನ್ನೂ ಹೋಲಿಕೆಗೆಂದು ಪಕ್ಕದಲ್ಲಿ ನೆಟ್ಟಿದ್ದರು.