ಕಾಲುಚೀಲದೊಳಗಿನ ಭಾಗಾಕಾರ

ನೀಲಿ, ಬಿಳಿ, ಹಳದಿ, ಕೆಂಪು. ಉದ್ದಕ್ಕೂ ಒಂದಾದ ಮೇಲೊಂದು ಬಣ್ಣ ಹಚ್ಚಿದ ನೂಲಿನ ಒಂದೇ ಉಂಡೆ, ಒಂದೇ ಎಳೆ, ಎಲ್ಲಿಯೂ ಗಂಟಿಲ್ಲ. ಆದರೂ ಹೆಣೆಯುತ್ತಾ ಹೋದಂತೆ ಕಾಲುಚೀಲದ ಮೇಲೆ ಪಟ್ಟೆಗಳು ತಾವಾಗಿಯೇ ಏಳುತ್ತವೆ. ನಾನು ಹೆಣೆದ ಜೋಡಿಯಲ್ಲಿ ಒಂದರ ಪಟ್ಟೆಗಳು ಇನ್ನೊಂದಕ್ಕೆ ಹೊಂದದ್ದನ್ನು ಕಂಡ ನೆಂಟರೊಬ್ಬರು "ಎಲ್ಲ ಕೈಗುಣ" ಎಂದರು. ಆ ಮಾತು ಕೇಳಿ ಸುಮ್ಮನಿರುವುದು ನನ್ನಿಂದಾಗದು. ಉಪ್ಪಿನಕಾಯಿ ಕೆಟ್ಟರೂ ಕೈಗುಣ, ನೆಟ್ಟ ಸಸಿ ಒಣಗಿದರೂ ಕೈಗುಣ. ಕಾರಣ ಹುಡುಕಬೇಕಾದ ಕಡೆಯಲ್ಲೆಲ್ಲ ಈ ಪದ ಬಂದು ಬಾಗಿಲು ಹಾಕಿಬಿಡುತ್ತದೆ. ಇಲ್ಲಿರುವುದು ಶಾಲೆಯಲ್ಲಿ ಕಲಿತ ಭಾಗಾಕಾರ, ಮತ್ತು ಅದರ ಶೇಷ.

ಕಾಲುಚೀಲದ ನೂಲಿನಲ್ಲಿ ಸಾಮಾನ್ಯವಾಗಿ ಶೇಕಡಾ 75 ಉಣ್ಣೆ, 25 ನೈಲಾನ್ ಇರುತ್ತದೆ. 100 ಗ್ರಾಂ ಉಂಡೆಯಲ್ಲಿ ಸುಮಾರು 420 ಮೀಟರ್ ಎಳೆ. ನಾನು ಹೆಣೆಯುವುದು ಸುತ್ತಿಗೆ 64 ಕುಣಿಕೆ. ಒಂದು ಸುತ್ತು ಹೆಣೆದು, ಬಿಚ್ಚಿ, ಅಳೆದಾಗ ಕುಣಿಕೆಯೊಂದಕ್ಕೆ ಸುಮಾರು 1 ಸೆಂಟಿಮೀಟರ್ ನೂಲು ಹಿಡಿದಿತ್ತು. ಅಂದರೆ ಸುತ್ತಿಗೆ 64 ಸೆಂಟಿಮೀಟರ್. ನೂಲಿನ ಮೇಲೆ ಒಂದು ಬಣ್ಣ 3.2 ಮೀಟರ್ ಉದ್ದಕ್ಕೆ ಹಚ್ಚಿದ್ದರೆ ಪಟ್ಟೆ ಸರಿಯಾಗಿ ಐದು ಸುತ್ತಿನಷ್ಟು ಎತ್ತರವಾಗುತ್ತದೆ. ನಾಲ್ಕು ಬಣ್ಣಗಳ ಪೂರ್ಣ ಸರಣಿ 12.8 ಮೀಟರ್, ಅಂದರೆ 20 ಸುತ್ತು. ನೂಲಿಗೆ ಕಾಲಿನ ಅಳತೆ ಗೊತ್ತಿಲ್ಲ, ಪಟ್ಟೆಯ ಕಲ್ಪನೆಯೂ ಇಲ್ಲ. ಅದು ಉದ್ದಕ್ಕೆ ಬರೆದ ಸಾಲು. ಸಾಲನ್ನು ಎಲ್ಲಿ ಮಡಿಸಬೇಕೆಂದು ತೀರ್ಮಾನಿಸುವುದು ಕಾಲಿನ ಸುತ್ತಳತೆ.

ಪ್ರಾಚೀನ ಸ್ಪಾರ್ಟಾದವರ ಗುಪ್ತಲಿಪಿಯ ಕೋಲನ್ನು ಗ್ರೀಕ್ ಲೇಖಕ ಪ್ಲುಟಾರ್ಕ್ ವರ್ಣಿಸಿದ್ದಾನೆ. ಕೋಲಿಗೆ ಪಟ್ಟಿಯೊಂದನ್ನು ಸುತ್ತಿ, ಅದರ ಮೇಲೆ ಸಂದೇಶ ಬರೆದು, ಬಿಚ್ಚಿ ಕಳಿಸುತ್ತಿದ್ದರು. ಅಷ್ಟೇ ದಪ್ಪದ ಕೋಲು ಇದ್ದವನಿಗೆ ಮಾತ್ರ ಅಕ್ಷರಗಳು ಕೂಡಿ ಪದವಾಗುತ್ತಿದ್ದವು. ಪಟ್ಟೆ ನೂಲೂ ಅಂಥ ಪಟ್ಟಿಯೇ, ಕಾಲು ಅದರ ಕೋಲು. ಪೋಚಂಪಲ್ಲಿಯ ಇಕ್ಕತ್ ನೇಕಾರರು ನೂಲನ್ನು ಕಟ್ಟಿ, ಬಣ್ಣದಲ್ಲಿ ಅದ್ದಿ, ಆಮೇಲೆ ಮಗ್ಗಕ್ಕೆ ಏರಿಸುವುದೂ ಇದೇ ಜಾಣ್ಮೆಯಿಂದ. ವಿನ್ಯಾಸ ಬಟ್ಟೆಗಿಂತ ಮೊದಲೇ ಎಳೆಯಲ್ಲಿ ಮಲಗಿರುತ್ತದೆ.

ಶೇಷದ ಆಟ ಇನ್ನೂ ಸೊಗಸು. ಆದಿತಾಳದ ಎಂಟು ಅಕ್ಷರಗಳ ಆವರ್ತದಲ್ಲಿ ಏಳು ಅಕ್ಷರಗಳ ಸೊಲ್ಲುಕಟ್ಟನ್ನು, ಅಂದರೆ ಲಯದ ನುಡಿಗಳ ಗುಚ್ಛವನ್ನು, ಬಿಡದೆ ನುಡಿಸುತ್ತಾ ಹೋಗಿ. ಸೊಲ್ಲುಕಟ್ಟಿನ ಮೊದಲಕ್ಷರ ಪ್ರತಿ ಸಲ ಒಂದೊಂದು ಅಕ್ಷರ ಹಿಂದೆ ಸರಿಯುತ್ತದೆ, 56 ಅಕ್ಷರಗಳು ಮುಗಿದಾಗ ಮತ್ತೆ ಸಮಕ್ಕೆ, ಅಂದರೆ ಆವರ್ತದ ಮೊದಲ ಪೆಟ್ಟಿಗೆ, ಬಂದು ಕೂರುತ್ತದೆ. ತಾಳ ಬಾರದವರು ಗೋಡೆಯ ಕ್ಯಾಲೆಂಡರ್ ನೋಡಬಹುದು. ಅದು ವಾರಕ್ಕೆ ಏಳು ಕುಣಿಕೆ ಹಾಕಿ ಹೆಣೆದ ಬಟ್ಟೆ. 2026ರ ಫೆಬ್ರುವರಿ 1 ಭಾನುವಾರ, ಮಾರ್ಚ್ 1 ಕೂಡ ಭಾನುವಾರ, ಏಕೆಂದರೆ 28ನ್ನು ಏಳರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. ಮಾರ್ಚ್‌ಗೆ 31 ದಿನ, ಶೇಷ ಮೂರು, ಹಾಗಾಗಿ ಏಪ್ರಿಲ್ 1 ಬುಧವಾರಕ್ಕೆ ಜಾರಿತು. ಕಾಲುಚೀಲದಲ್ಲಿ ಜಾರುವುದು ಬಣ್ಣ ಬದಲಾಗುವ ಬಿಂದು. ಸರಣಿ ಸರಿಯಾಗಿ 20 ಸುತ್ತಾದರೆ ಅದು ಪ್ರತಿ ಸಲವೂ ಕಾಲಿನ ಅದೇ ಬದಿಯಲ್ಲಿ ಬರುತ್ತದೆ. ಕೈ ತುಸು ಸಡಿಲಾಗಿ ಸುತ್ತಿಗೆ 66 ಸೆಂಟಿಮೀಟರ್ ಹಿಡಿದರೆ ಸರಣಿ 19.4 ಸುತ್ತಾಗುತ್ತದೆ, ಬಿಂದು ಕಾಲನ್ನು ಸುತ್ತುತ್ತಾ ಹೋಗುತ್ತದೆ. ಕೈಗುಣ ಎನ್ನುವವರು ಬೇಕಾದರೆ ಈ 2 ಸೆಂಟಿಮೀಟರನ್ನು ಹಾಗೆ ಕರೆಯಲಿ, ಅದನ್ನು ಟೇಪಿನಲ್ಲಿ ಅಳೆಯಬಹುದು.

ಸರಣಿಯೇ 64 ಸೆಂಟಿಮೀಟರ್ ಇರುವ ಚುಕ್ಕೆಬಣ್ಣದ ನೂಲು ತಂದರೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ಶೇಷ ಸೊನ್ನೆಯಾಗಿ ಕೆಂಪಿನ ಮೇಲೆ ಕೆಂಪು, ನೀಲಿಯ ಮೇಲೆ ನೀಲಿ ಕೂತು, ಅಡ್ಡಪಟ್ಟೆಯ ಬದಲು ಉದ್ದುದ್ದ ಕಂಬಗಳು ಏಳುತ್ತವೆ. ಎರಡೇ ಕುಣಿಕೆ ಹೆಚ್ಚಿಸಿ, ಕಂಬಗಳೆಲ್ಲ ವಾಲಿ ಬಳ್ಳಿಯಂತೆ ಕಾಲಿಗೆ ಸುತ್ತಿಕೊಳ್ಳುತ್ತವೆ.

ಪಟ್ಟೆಯ ಕಾಲುಚೀಲ ಹೊಸ ಕಾಲದ ಶೋಕಿ ಎಂದುಕೊಳ್ಳಬಾರದು. ಈಜಿಪ್ಟಿನ ಆಂಟಿನೊಪೊಲಿಸ್‌ನಲ್ಲಿ ಸಿಕ್ಕ, ಕ್ರಿ.ಶ. 300ರ ಸುಮಾರಿನ, ಮಗುವೊಂದರ ಎಡಗಾಲಿನ ಚೀಲ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹೆಬ್ಬೆರಳಿಗೆ ಬೇರೆ ಗೂಡು, ಮೈತುಂಬ ಪಟ್ಟೆ. ಬೇರೆ ಬೇರೆ ಬೆಳಕಿನಲ್ಲಿ ಚಿತ್ರ ತೆಗೆದು ಪರೀಕ್ಷಿಸಿದ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದಂತೆ, ಅಷ್ಟೂ ಛಾಯೆಗಳು ಮೂರೇ ಗಿಡಗಳಿಂದ ಬಂದವು: ನಮ್ಮ ಮಂಜಿಷ್ಠದ ಕುಲದ ಮ್ಯಾಡರ್‌ನಿಂದ ಕೆಂಪು, ವೋಡ್‌ನಿಂದ ನೀಲಿ, ವೆಲ್ಡ್‌ನಿಂದ ಹಳದಿ. ಉಳಿದವು ಬೆರಕೆಯಿಂದ ಹುಟ್ಟಿದವು. ಅದನ್ನು ಮಾಡಿದ್ದು ಎರಡು ಕಡ್ಡಿಗಳಿಂದಲ್ಲ, ಒಂದೇ ಸೂಜಿಯಿಂದ. ಆ ವಿಧಾನದಲ್ಲಿ ಎಳೆಯ ತುದಿಯೇ ಪ್ರತಿ ಕುಣಿಕೆಯಲ್ಲಿ ತೂರಿ ಹೋಗಬೇಕು, ಹಾಗಾಗಿ ತುಂಡು ನೂಲುಗಳನ್ನೇ ಬಳಸುತ್ತಾರೆ. ಹೇಗೂ ಜೋಡಿಸಲೇಬೇಕಾದಲ್ಲಿ ಹೊಸ ಬಣ್ಣವನ್ನೇ ಏಕೆ ಜೋಡಿಸಬಾರದು? ಆ ಕೈಗಳಿಗೆ ಹಾಗೆಯೇ ತೋಚಿರಬೇಕು ಎಂದು ನನಗೆ ಅನ್ನಿಸುತ್ತದೆ.

ಭಾಗಾಕಾರ ಗೊತ್ತಿದ್ದವರಿಗೆ ಹಿಮ್ಮಡಿಯ ತೊಡಕೂ ಮೊದಲೇ ಕಾಣುತ್ತದೆ. ಅಲ್ಲಿ ಅರ್ಧ ಕುಣಿಕೆಗಳನ್ನಷ್ಟೇ ಹಿಡಿದು ಹಿಂದೆ ಮುಂದೆ ಹೆಣೆಯುತ್ತೇವೆ. ಭಾಜಕ 32ಕ್ಕೆ ಇಳಿಯಿತು, ಪಟ್ಟೆಯ ಎತ್ತರ ಇಮ್ಮಡಿಯಾಯಿತು. ಮತ್ತೆ ಪಾದಕ್ಕೆ ಸೇರಿಸುವಾಗ ಬದಿಗಳಲ್ಲಿ ಕುಣಿಕೆ ಎತ್ತಿಕೊಳ್ಳುವುದರಿಂದ ಪಟ್ಟೆ ತೆಳುವಾಗುತ್ತದೆ. ಹಿಮ್ಮಡಿಗೆ ಬೇರೆಯದೇ ಒಂಟಿ ಬಣ್ಣದ ನೂಲು ಹಾಕಿದರೆ ಸರಣಿ ಕೆಡುವುದಿಲ್ಲ. ನನ್ನ ಜೋಡಿ ಹೊಂದದಿರಲು ಕಾರಣ ಮಾತ್ರ ಇದಾವುದೂ ಅಲ್ಲ. ಮೊದಲನೆಯದನ್ನು ಉಂಡೆಯ ಒಳತುದಿಯಿಂದ, ಎರಡನೆಯದನ್ನು ಹೊರತುದಿಯಿಂದ ಹೆಣೆದಿದ್ದೆ. ಸರಣಿ ತಿರುವುಮುರುವಾಗಿ, ನೀಲಿಯ ನಂತರ ಬಿಳಿ ಬರಬೇಕಾದಲ್ಲಿ ಕೆಂಪು ಬಂತು.

ಜೋಡಿ ಮುಗಿದಾಗ ಸುಮಾರು 30 ಗ್ರಾಂ ಉಳಿಯಿತು, ಅಂದರೆ 126 ಮೀಟರ್. ಮುಂದೇನು ಹೆಣೆಯುವುದೆಂಬ ಪ್ರಶ್ನೆಗೂ ಭಾಗಾಕಾರವೇ ಉತ್ತರ ಕೊಟ್ಟಿತು. ಇದೇ ಬಗೆಯ ನೂಲಿನಲ್ಲಿ 250 ಕುಣಿಕೆಯ ಸ್ವೆಟರ್ ಹಿಡಿದರೆ 3.2 ಮೀಟರ್ ಬಣ್ಣ ಒಂದೂಕಾಲು ಸುತ್ತಿಗೇ ಮುಗಿದು, ಪಟ್ಟೆಗೆ ಬದಲು ಹರಕು ಗೆರೆ ಉಳಿಯುತ್ತದೆ. ಮುಂಗೈ ಚೀಲಕ್ಕೆ 56 ಕುಣಿಕೆ, ಪಟ್ಟೆ ಹೆಚ್ಚು ಕಡಿಮೆ ಕಾಲುಚೀಲದ್ದೇ. ನನ್ನ ಮನಸ್ಸು ನಿಂತದ್ದು ಕೂಸಿನ ಟೋಪಿಯ ಮೇಲೆ. 96 ಕುಣಿಕೆಯ ಅಂಚಿನಲ್ಲಿ ಪಟ್ಟೆ ಮೂರು ಸುತ್ತಿಗಿಂತ ತುಸು ಹೆಚ್ಚು. ಮೇಲೆ ಕುಣಿಕೆ ಕಡಿಮೆ ಮಾಡುತ್ತಾ 48ಕ್ಕೆ ಬಂದಾಗ ಆರು ಸುತ್ತು ದಾಟುತ್ತದೆ. ನೆತ್ತಿ ಕಿರಿದಾದಷ್ಟೂ ಪಟ್ಟೆ ಹಿರಿದು. ನೆತ್ತಿಯಲ್ಲಿ ಕೆಂಪು ಕೂರಬೇಕೆಂದು ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಂದು, ಅಂಚನ್ನು ಹಳದಿಯಲ್ಲಿ ಆರಂಭಿಸಿದ್ದೇನೆ.