ಫೋನ್ ತಂತಿಯಲ್ಲಿ ಈಥರ್ನೆಟ್: 802.3ಎಎಚ್ ಟಿಪ್ಪಣಿ

ಆಫೀಸಿನ ಕಂಪ್ಯೂಟರ್‌ಗಳನ್ನು ಈಥರ್ನೆಟ್‌ನಲ್ಲಿ ಜೋಡಿಸುವ ಲ್ಯಾನ್ ಕೇಬಲ್ಲೂ ತಾಮ್ರ, ಲ್ಯಾಂಡ್‌ಲೈನ್ ತಂತಿಯೂ ತಾಮ್ರ. ಹಾಗಾದರೆ ಎಕ್ಸ್‌ಚೇಂಜಿನಲ್ಲಿ ಒಂದು ಸ್ವಿಚ್ ಇಟ್ಟು ನೇರವಾಗಿ ಜೋಡಿಸಿದರೆ ಸಾಕಲ್ವಾ? ಸಾಲದು. 100 ಎಂಬಿಪಿಎಸ್ ಲ್ಯಾನಿಗೆ ಎರಡು ಜೋಡಿ ತಂತಿ ಬೇಕು, ಉದ್ದ 100 ಮೀಟರ್ ದಾಟುವಂತಿಲ್ಲ. ಫೋನಿಗೆ ಬರುವುದು ಒಂದೇ ಜೋಡಿ, ಅದೂ ಕಿಲೋಮೀಟರ್‌ಗಟ್ಟಲೆ ದೂರದಿಂದ. ಆವರ್ತನ ಏರಿದಷ್ಟೂ ಸಿಗ್ನಲ್ ಬೇಗ ಸೊರಗುತ್ತದೆ. ಜೊತೆಗೆ ಅದೇ ಕೇಬಲ್ಲಿನ ಅಕ್ಕಪಕ್ಕದ ಜೋಡಿಗಳ ಸಿಗ್ನಲ್ ಇದರೊಳಗೆ ನುಸುಳುವ ಕಾಟ (ಕ್ರಾಸ್‌ಟಾಕ್) ಬೇರೆ.

2004ರ ಐಇಇಇ 802.3ಎಎಚ್ ಎಂಬ ಈಥರ್ನೆಟ್ ಮಾನದಂಡ ಇದಕ್ಕೊಂದು ದಾರಿ ಕಂಡುಕೊಂಡಿತು: ಫ್ರೇಮ್ (ಡೇಟಾದ ಕಟ್ಟು) ಈಥರ್ನೆಟ್‌ನದು, ಅದನ್ನು ತಂತಿಯಲ್ಲಿ ಸಾಗಿಸುವ ಕೆಲಸ ಡಿಎಸ್ಎಲ್‌ನದು, ಅಂದರೆ ಫೋನ್ ತಂತಿಯಲ್ಲಿ ಡೇಟಾ ಕಳಿಸುವ ತಂತ್ರದ್ದು. ಇದರಲ್ಲಿ ಎರಡು ಬಗೆ. 2ಬೇಸ್-ಟಿಎಲ್ ಎಸ್‌ಎಚ್‌ಡಿಎಸ್ಎಲ್ ಎಂಬ ಡಿಎಸ್ಎಲ್ ಬಗೆಯ ಮೇಲೆ ನಿಂತಿದೆ, 2.7 ಕಿ.ಮೀ. ದೂರಕ್ಕೆ 2 ಎಂಬಿಪಿಎಸ್, ಎರಡೂ ದಿಕ್ಕಿಗೆ ಒಂದೇ ವೇಗ. 10ಪಾಸ್-ಟಿಎಸ್ ವಿಡಿಎಸ್ಎಲ್ ಎಂಬ ಇನ್ನೊಂದು ಬಗೆಯ ಮೇಲೆ ನಿಂತಿದೆ. 750 ಮೀಟರ್‌ಗೆ 10 ಎಂಬಿಪಿಎಸ್. ಮೊದಲನೆಯದು ಮಾತಿನ ಆವರ್ತನವನ್ನೂ ತಾನೇ ಬಳಸುವುದರಿಂದ ಆ ಜೋಡಿಯಲ್ಲಿ ಮಾಮೂಲಿ ಫೋನ್ ನಡೆಯಲ್ಲ. ಎರಡನೆಯದರಲ್ಲಿ ಮಾತು-ಡೇಟಾ ಬೇರ್ಪಡಿಸುವ ಸ್ಪ್ಲಿಟರ್ ಹಾಕಿದರೆ ಫೋನೂ ನಡೆಯುತ್ತದೆ.

ಇದರಿಂದ ಉಳಿತಾಯ ಎಷ್ಟು? ಸಾಮಾನ್ಯ ಎಡಿಎಸ್ಎಲ್‌ನಲ್ಲಿ ಡೇಟಾ 53 ಬೈಟಿನ ಎಟಿಎಂ ಸೆಲ್‌ಗಳಾಗಿ ತುಂಡಾಗುತ್ತದೆ (ಇದು ಹಣದ ಎಟಿಎಂ ಅಲ್ಲ, ಡೇಟಾ ಸಾಗಿಸುವ ಒಂದು ವಿಧಾನ). ಪ್ರತಿ ಸೆಲ್ಲಿನಲ್ಲೂ 5 ಬೈಟ್ ಬರೀ ಹೆಡರ್, ಅಂದರೆ ವಿಳಾಸದಂಥ ತಲೆಬರಹ. 1500 ಬೈಟಿನ ಪ್ಯಾಕೆಟ್‌ಗೆ ಕೊನೆಗೆ ಅಂಟಿಸುವ 8 ಬೈಟಿನ ಟ್ರೇಲರ್ ಸೇರಿ 32 ಸೆಲ್ ಬೇಕು. ಅಂದರೆ ತಂತಿಯಲ್ಲಿ ಹೋಗುವುದು 1696 ಬೈಟ್! 802.3ಎಎಚ್‌ನಲ್ಲಿ ಪ್ರತಿ 64 ಬೈಟಿಗೆ ಜಾಸ್ತಿ ಸೇರುವುದು ಒಂದೇ ಬೈಟ್.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಜೋಡಿಗಳನ್ನು ಒಗ್ಗೂಡಿಸುವ ರೀತಿ. ಇದನ್ನು ಲ್ಯಾನಿನಲ್ಲಿ ಹಲವು ಲಿಂಕ್‌ಗಳನ್ನು ಒಂದಾಗಿ ಬಳಸುವ ಲಿಂಕ್ ಅಗ್ರಿಗೇಶನ್ ಜೊತೆ ಬೆರೆಸಬೇಡಿ. ಅಲ್ಲಿ ಒಂದು ಡೌನ್‌ಲೋಡ್ ಪೂರ್ತಿ ಒಂದೇ ಲಿಂಕಿನಲ್ಲಿ ಹೋಗುತ್ತದೆ. ನಾಲ್ಕು ಲಿಂಕ್ ಇದ್ದರೂ ಅದಕ್ಕೆ ಸಿಗುವುದು ಒಂದರ ವೇಗವೇ. ಇಲ್ಲಿ ಹಾಗಲ್ಲ, ಫ್ರೇಮನ್ನೇ 64ರಿಂದ 512 ಬೈಟಿನ ತುಂಡುಗಳಾಗಿ ಕತ್ತರಿಸಿ ಜೋಡಿಗಳಿಗೆ ಹಂಚುತ್ತಾರೆ. ಪ್ರತಿ ತುಂಡಿನ ತಲೆಗೆ 16 ಬಿಟ್: 14 ಕ್ರಮಸಂಖ್ಯೆಗೆ, ಒಂದು 'ಫ್ರೇಮ್ ಶುರು' ಎನ್ನಲು, ಇನ್ನೊಂದು 'ಮುಗಿಯಿತು' ಎನ್ನಲು. ಆಚೆ ತುದಿಯಲ್ಲಿ ಕ್ರಮಸಂಖ್ಯೆ ನೋಡಿ ಮತ್ತೆ ಜೋಡಿಸುತ್ತಾರೆ. ತಲಾ 2 ಎಂಬಿಪಿಎಸ್‌ನ ನಾಲ್ಕು ಜೋಡಿ ಇದ್ದರೆ ಒಂದೇ ಡೌನ್‌ಲೋಡ್‌ಗೆ ಹತ್ತಿರ ಹತ್ತಿರ 8 ಸಿಗುತ್ತದೆ. ಹೀಗೆ 32 ಜೋಡಿಯವರೆಗೆ ಸೇರಿಸಬಹುದು. ಒಂದು ಜೋಡಿ ಕಡಿದುಹೋದರೆ ವೇಗ ಇಳಿಯುತ್ತದೆ, ಸಂಪರ್ಕ ಹೋಗಲ್ಲ.

ಆದರೆ ಸಿಕ್ಕ ಸಿಕ್ಕ ಜೋಡಿಗಳನ್ನೆಲ್ಲ ಸುಮ್ನೆ ಸೇರಿಸುವಂತಿಲ್ಲ. ನಿಧಾನದ ಜೋಡಿಯಲ್ಲಿರುವ ತುಂಡು ಬರುವವರೆಗೆ ಉಳಿದವು ಬಫರ್‌ನಲ್ಲಿ (ತಾತ್ಕಾಲಿಕ ಮೆಮೊರಿಯಲ್ಲಿ) ಕಾಯಬೇಕು. ಅದಕ್ಕೇ ಗುಂಪಿನ ಅತಿ ವೇಗದ ಜೋಡಿಯ ವೇಗ ಅತಿ ನಿಧಾನದ್ದರ ನಾಲ್ಕು ಪಟ್ಟು ಮೀರಬಾರದು ಎಂಬ ಮಿತಿ ಇದೆ.